ಹಿರಿಯ ನಾಗರಿಕರ ಆರೋಗ್ಯ ಮತ್ತು ಊಟದ ವೇಳೆ: ಕಾಲಮಿತಿ ಆಹಾರ ಪದ್ಧತಿಯ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.4 ಕೋಟಿ. ವೈದ್ಯಕೀಯ ಸೌಲಭ್ಯಗಳ ವಿಸ್ತರಣೆಯಿಂದ ಜನರ ಆಯುಷ್ಯ ಹೆಚ್ಚಿದೆ. ಹೆಚ್ಚಿದ ಆಯುಷ್ಯದೊಡನೆ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಂತಹ ದೀರ್ಘಕಾಲಿಕ ಕಾಯಿಲೆಗಳೂ ಬಂದಿವೆ. ಇವುಗಳ ಹತೋಟಿಗೆ ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದರ ಜೊತೆಗೆ ಯಾವ ವೇಳೆಯಲ್ಲಿ ಉಣ್ಣಬೇಕು ಎಂಬ ವಿಷಯವೂ ಇತ್ತೀಚಿನ ವರ್ಷಗಳಲ್ಲಿ ಮಹತ್ವ ಪಡೆದಿದೆ. ದಿನಕ್ಕೆ 16 ಗಂಟೆ ಉಪವಾಸವಿದ್ದು 8 ಗಂಟೆಯೊಳಗೆ ಊಟ ಮುಗಿಸಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮುಪ್ಪು ದೂರವಾಗುತ್ತದೆ ಎಂಬ ಸಂದೇಶಗಳು ಮೊಬೈಲ್ ಫೋನುಗಳ ಮೂಲಕ ಹಳ್ಳಿಹಳ್ಳಿಗಳನ್ನೂ ತಲುಪುತ್ತಿವೆ. ಇವುಗಳಲ್ಲಿ ಸ್ವೀಕರಿಸತಕ್ಕ ಅಂಶ ಯಾವುದು, ಎಚ್ಚರಿಕೆ ವಹಿಸತಕ್ಕ ಅಂಶ ಯಾವುದು ಎಂಬುದನ್ನು ಹಿರಿಯ ನಾಗರಿಕರಿಗೂ ಅವರ ಕುಟುಂಬದವರಿಗೂ ತಿಳಿಯಪಡಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಾಲಮಿತಿ ಆಹಾರ ಪದ್ಧತಿ ಎಂದರೇನು?

ದಿನದ 24 ಗಂಟೆಗಳ ಪೈಕಿ ನಿಗದಿತ ಅವಧಿಯಲ್ಲಿ ಮಾತ್ರ ಆಹಾರ ಸೇವಿಸಿ, ಉಳಿದ ಅವಧಿಯಲ್ಲಿ ನೀರಿನ ಹೊರತು ಬೇರೇನನ್ನೂ ಸೇವಿಸದಿರುವುದಕ್ಕೆ ಕಾಲಮಿತಿ ಆಹಾರ ಪದ್ಧತಿ ಎಂದು ಹೆಸರು. ಈ ಅವಧಿ 12 ಗಂಟೆ, 10 ಗಂಟೆ ಅಥವಾ 8 ಗಂಟೆ ಇರಬಹುದು. ಬೆಳಿಗ್ಗೆ ಕುಡಿಯುವ ಹಾಲು ಸಕ್ಕರೆ ಬೆರೆತ ಮೊದಲ ಚಹಾದಿಂದ ಈ ಅವಧಿ ಆರಂಭವಾಗುತ್ತದೆ. ರಾತ್ರಿ ಮಲಗುವ ಮುನ್ನ ಕುಡಿಯುವ ಹಾಲಿನಿಂದ ಮುಕ್ತಾಯವಾಗುತ್ತದೆ. ಬೆಳಿಗ್ಗೆ 5.30ಕ್ಕೆ ಚಹಾ ಕುಡಿದು ರಾತ್ರಿ 9.30ಕ್ಕೆ ಊಟ ಮಾಡುವ ವ್ಯಕ್ತಿಯ ಆಹಾರ ಅವಧಿ 16 ಗಂಟೆಯಾಗುತ್ತದೆ. ಅಂದರೆ ಅವರ ಜಠರಕ್ಕೆ ಮತ್ತು ಯಕೃತ್ತಿಗೆ ದಿನದಲ್ಲಿ ಕೇವಲ 8 ಗಂಟೆ ವಿರಾಮ ದೊರೆಯುತ್ತದೆ.

ಈ ಪದ್ಧತಿಯಲ್ಲಿ ಬದಲಾಗತಕ್ಕದ್ದು ಊಟದ ವೇಳೆ ಮಾತ್ರ, ಊಟದ ಪ್ರಮಾಣವಲ್ಲ. ಹಿರಿಯರ ವಿಷಯದಲ್ಲಿ ಇದನ್ನು ಮುಖ್ಯವಾಗಿ ಗಮನಿಸಬೇಕು.

ಈ ಭಾಗದ ರೂಢಿಗಳು

ವೇಳೆಗೆ ಮಿತಿ ಹಾಕಿಕೊಂಡು ಉಣ್ಣುವುದು ಈ ನಾಡಿಗೆ ಹೊಸದಲ್ಲ. ಸೂರ್ಯಾಸ್ತದ ನಂತರ ಆಹಾರ ಸೇವಿಸದಿರುವ ನಿಯಮವು ಜೈನ ಸಮುದಾಯದಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದಿದೆ. ವಿದ್ಯುದ್ದೀಪ ಬರುವ ಮುನ್ನ ಹಳ್ಳಿಗಳಲ್ಲಿ ಕತ್ತಲಾಗುವ ಹೊತ್ತಿಗೆ ಉಂಡು ಮಲಗುವುದು ಸಾಮಾನ್ಯವಾಗಿತ್ತು. ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಗಳಂದು ಉಪವಾಸ ಮಾಡುವುದು ಅಥವಾ 'ಒಪ್ಪತ್ತು' ಇರುವುದು, ಎಂದರೆ ದಿನಕ್ಕೆ ಒಂದೇ ಹೊತ್ತು ಉಣ್ಣುವುದು, ಇಂದಿಗೂ ರೂಢಿಯಲ್ಲಿದೆ. ರಂಜಾನ್ ತಿಂಗಳಿನಲ್ಲಿ ಮುಸ್ಲಿಂ ಬಾಂಧವರು ಉಷಃಕಾಲದಿಂದ ಸೂರ್ಯಾಸ್ತದವರೆಗೆ ಅನ್ನ ನೀರು ಬಿಟ್ಟು ಉಪವಾಸ ಆಚರಿಸುತ್ತಾರೆ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಹುಪಾಲು ಜನರ ಜೀವನಾಧಾರ ಕೃಷಿ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಭಾಗದಂತಹ ಮಳೆಯಾಶ್ರಿತ ಪ್ರದೇಶಗಳಲ್ಲಿ ಹೊಲದ ಕೆಲಸ ಮುಗಿಸಿ ಮನೆಗೆ ಮರಳುವಾಗ ಕತ್ತಲಾಗಿರುತ್ತದೆ. ಆ ಬಳಿಕ ಒಲೆ ಹೊತ್ತಿಸಿ ಅಡುಗೆ ಮಾಡಿ ಉಣ್ಣುವಾಗ ರಾತ್ರಿ 9 ಗಂಟೆ ಕಳೆಯುವುದುಂಟು. ದೂರದರ್ಶನದ ಧಾರಾವಾಹಿಗಳಿಂದ ಊಟ ಇನ್ನಷ್ಟು ತಡವಾಗುವುದೂ ಉಂಟು. ಮನೆಯಲ್ಲಿಯೇ ಇರುವ ಹಿರಿಯರು ಸಂಜೆ ಚಹಾ, ಮಂಡಕ್ಕಿ, ಮಿರ್ಚಿಗಳಲ್ಲಿ ಹಸಿವು ಕಳೆದುಕೊಂಡು, ರಾತ್ರಿ ಎಲ್ಲರೊಡನೆ ಉಂಡು ಕೂಡಲೇ ಮಲಗುತ್ತಾರೆ. ಈ ಭಾಗದಲ್ಲಿ ವರ್ಷದ ಬಹುಕಾಲ ಸೂರ್ಯಾಸ್ತವು ಸಂಜೆ 6ರಿಂದ 7 ಗಂಟೆಯ ನಡುವೆ ಆಗುವುದರಿಂದ, ಹಿಂದಿನವರ ಊಟದ ವೇಳೆಗೂ ಇಂದಿನ ವೇಳೆಗೂ ಎರಡು ಮೂರು ಗಂಟೆಗಳ ಅಂತರ ಬಿದ್ದಿದೆ.

ದೇಹದ ಗಡಿಯಾರ

ಮನುಷ್ಯನ ದೇಹದ ಬಹುತೇಕ ಜೀವಕೋಶಗಳಲ್ಲಿ ಹಗಲು ರಾತ್ರಿಗಳನ್ನು ಅನುಸರಿಸುವ ಗಡಿಯಾರವೊಂದು ಕೆಲಸ ಮಾಡುತ್ತಿರುತ್ತದೆ. ಈ ಗಡಿಯಾರವನ್ನು ನಡೆಸುವ ವಂಶವಾಹಿಗಳ ಕಾರ್ಯವಿಧಾನವನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ನೀಡಲಾಯಿತು. ಮಿದುಳಿನಲ್ಲಿರುವ ಮುಖ್ಯ ಗಡಿಯಾರವು ಬೆಳಕನ್ನು ಅನುಸರಿಸಿದರೆ, ಯಕೃತ್ತು ಮೊದಲಾದ ಅಂಗಗಳ ಗಡಿಯಾರಗಳು ಊಟದ ವೇಳೆಯನ್ನೂ ಅನುಸರಿಸುತ್ತವೆ. ಬೆಳಗಿನ ಹೊತ್ತು ದೇಹವು ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ರಾತ್ರಿ ನಿದ್ರೆಯ ವೇಳೆ ಸಮೀಪಿಸಿದಂತೆ ಮೆಲಟೋನಿನ್ ಎಂಬ ರಸದೂತ ಹೆಚ್ಚಿ, ಇನ್ಸುಲಿನ್ ಸ್ರವಿಸುವಿಕೆ ತಗ್ಗುತ್ತದೆ. ಈ ಕಾರಣದಿಂದ ಅದೇ ಎರಡು ರೊಟ್ಟಿಯನ್ನು ಬೆಳಿಗ್ಗೆ ಉಂಡಾಗ ಏರುವುದಕ್ಕಿಂತ ರಾತ್ರಿ ತಡವಾಗಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಉಂಡ ಕೂಡಲೇ ಮಲಗಿದರೆ ಜಠರದ ಆಮ್ಲ ಮೇಲಕ್ಕೆ ಬಂದು ಎದೆಯುರಿ ಉಂಟಾಗುತ್ತದೆ, ನಿದ್ರೆಯೂ ಕೆಡುತ್ತದೆ.

ಸಂಶೋಧನೆಗಳಿಂದ ತಿಳಿದುಬಂದಿರುವ ಅಂಶಗಳು

ಭಾರತೀಯ ಮೂಲದ ವಿಜ್ಞಾನಿ ಸಚ್ಚಿದಾನಂದ ಪಂಡಾ ಅವರ ತಂಡ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವು 2012ರಲ್ಲಿ ಪ್ರಕಟವಾಯಿತು. ಎರಡು ಗುಂಪಿನ ಇಲಿಗಳಿಗೆ ಸಮಪ್ರಮಾಣದ ಕೊಬ್ಬಿನ ಆಹಾರ ದೊರೆತರೂ, 8 ಗಂಟೆಯ ಅವಧಿಯಲ್ಲಿ ಮಾತ್ರ ತಿಂದ ಇಲಿಗಳಲ್ಲಿ ಬೊಜ್ಜು ಕಡಿಮೆ ಕಂಡುಬಂದಿತು. ಆ ಬಳಿಕ ಮನುಷ್ಯರ ಮೇಲೆ ನಡೆದ ಮುಖ್ಯ ಅಧ್ಯಯನಗಳ ವಿವರ ಈ ಕೆಳಕಂಡಂತಿದೆ:

1. 2018: ಮಧುಮೇಹದ ಪೂರ್ವಸ್ಥಿತಿಯಲ್ಲಿದ್ದ 8 ಪುರುಷರು 5 ವಾರ ಕಾಲ ಮಧ್ಯಾಹ್ನ 3 ಗಂಟೆಗೆ ಮುನ್ನ ದಿನದ ಊಟ ಮುಗಿಸಿದಾಗ, ತೂಕ ಇಳಿಯದಿದ್ದರೂ ಇನ್ಸುಲಿನ್‌ನ ಕಾರ್ಯ ಮತ್ತು ರಕ್ತದೊತ್ತಡ ಸುಧಾರಿಸಿದವು.

2. 2019: 65 ವರ್ಷ ಮೇಲ್ಪಟ್ಟ, ಅಧಿಕ ತೂಕವಿದ್ದ 10 ಜನರು 4 ವಾರ ಕಾಲ ದಿನಕ್ಕೆ ಸುಮಾರು 16 ಗಂಟೆ ಉಪವಾಸವಿದ್ದಾಗ ಸರಾಸರಿ 2.6 ಕೆ.ಜಿ. ತೂಕ ಇಳಿಯಿತು. ಇದು ಬಹಳ ಚಿಕ್ಕ ಅಧ್ಯಯನವಾಗಿದ್ದು, ಇದರಲ್ಲಿದ್ದವರೆಲ್ಲರೂ ಅಧಿಕ ತೂಕದವರು ಎಂಬುದನ್ನು ಗಮನಿಸತಕ್ಕದ್ದು.

3. 2020: 116 ವಯಸ್ಕರ ಅಧ್ಯಯನದಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ಉಂಡವರಿಗೂ, ದಿನಕ್ಕೆ ಮೂರು ಹೊತ್ತು ಉಂಡವರಿಗೂ ತೂಕದ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರ ಪೈಕಿ ವಿವರವಾಗಿ ಪರೀಕ್ಷಿಸಲಾದ ಕೆಲವರಲ್ಲಿ, ಬೆಳಗಿನ ಆಹಾರ ಬಿಟ್ಟವರ ಸ್ನಾಯು ಭಾಗ ಕರಗಿದ್ದು ಕಂಡುಬಂದಿತು.

4. 2022: ಚೀನಾದಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಅಧ್ಯಯನದಲ್ಲಿ, ಆಹಾರದ ಪ್ರಮಾಣ ಕಡಿಮೆ ಮಾಡಿದವರೊಡನೆ ಹೋಲಿಸಿದಾಗ ಪ್ರಮಾಣ ಮತ್ತು ವೇಳೆ ಎರಡನ್ನೂ ಮಿತಿಗೊಳಿಸಿದವರಿಗೆ ಗಮನಾರ್ಹವಾದ ಹೆಚ್ಚುವರಿ ಲಾಭ ದೊರೆಯಲಿಲ್ಲ.

5. 2024: ಅಮೆರಿಕದ ಸುಮಾರು 20,000 ವಯಸ್ಕರ ಮಾಹಿತಿಯನ್ನು ಪರಿಶೀಲಿಸಿದಾಗ, 8 ಗಂಟೆಗಿಂತ ಕಡಿಮೆ ಅವಧಿಯಲ್ಲಿ ಉಣ್ಣುವವರಲ್ಲಿ ಹೃದ್ರೋಗದಿಂದ ಸಂಭವಿಸುವ ಮರಣದ ಪ್ರಮಾಣ ಹೆಚ್ಚಿರುವುದು ಕಂಡುಬಂದಿತು. ಇದು ಎರಡು ದಿನಗಳ ಊಟದ ನೆನಪನ್ನು ಆಧರಿಸಿದ್ದು, ಉಪವಾಸವೇ ಮರಣಕ್ಕೆ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ.

6. 2025: ಬ್ರಿಟನ್ನಿನ ಸುಮಾರು 3,000 ವಯಸ್ಕರ ದೀರ್ಘಕಾಲದ ಅಧ್ಯಯನದಲ್ಲಿ, ವಯಸ್ಸಾದಂತೆ ಬೆಳಗಿನ ಆಹಾರ ತಡವಾಗುವುದೂ, ಹಾಗೆ ತಡವಾದವರಲ್ಲಿ ಖಿನ್ನತೆ, ದಣಿವು ಮತ್ತು ಮರಣದ ಪ್ರಮಾಣ ಹೆಚ್ಚಿರುವುದೂ ಕಂಡುಬಂದಿತು. ಅನಾರೋಗ್ಯದಿಂದಲೇ ಬೆಳಗಿನ ಆಹಾರ ತಡವಾಗುವುದೂ ಸಾಧ್ಯ. ಆದುದರಿಂದ ಮನೆಯ ಹಿರಿಯರ ತಿಂಡಿಯ ವೇಳೆ ದಿನೇ ದಿನೇ ಮುಂದಕ್ಕೆ ಹೋಗುತ್ತಿದ್ದರೆ ಕುಟುಂಬದವರು ಗಮನ ಹರಿಸತಕ್ಕದ್ದು.

ಉಪವಾಸದಿಂದ ಜೀವಕೋಶಗಳು ತಮ್ಮ ಹಳೆಯ ಭಾಗಗಳನ್ನು ತಾವೇ ಶುಚಿಗೊಳಿಸಿಕೊಂಡು ಮುಪ್ಪನ್ನು ತಡೆಯುತ್ತವೆ ಎಂಬ ಪ್ರಚಾರವೂ ಇದೆ. ಈ ಶುಚೀಕರಣ ಕ್ರಿಯೆಯ ಕುರಿತ ಸಂಶೋಧನೆಗೆ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ದೊರೆತಿರುವುದು ನಿಜ. ಆದರೆ ಅವರ ಮೂಲ ಪ್ರಯೋಗಗಳು ಯೀಸ್ಟ್ ಕೋಶಗಳ ಮೇಲೆ ನಡೆದವು. ದಿನಕ್ಕೆ 16 ಗಂಟೆ ಉಪವಾಸವಿದ್ದರೆ ಮನುಷ್ಯನ ಆಯುಷ್ಯ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ.

ಮೇಲ್ಕಂಡ ಅಂಶಗಳನ್ನು ಒಟ್ಟಾಗಿ ನೋಡಿದಾಗ, ರಾತ್ರಿಯ ಊಟವನ್ನು ಬೇಗ ಮುಗಿಸಿ ದೇಹಕ್ಕೆ ಸುಮಾರು 12 ಗಂಟೆ ವಿರಾಮ ನೀಡುವುದು ಆರೋಗ್ಯವಂತ ಹಿರಿಯರಿಗೆ ಸೂಕ್ತವಾದ ಸರಳ ಕ್ರಮವಾಗಿದೆ. ಬೆಳಗಿನ ಆಹಾರ ಬಿಡುವುದಾಗಲೀ, ಅವಧಿಯನ್ನು 8 ಗಂಟೆಗೆ ಇಳಿಸುವುದಾಗಲೀ ವೈದ್ಯರ ಸಲಹೆಯಿಲ್ಲದೆ ಸೂಕ್ತವಲ್ಲ.

ಹಿರಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಏಕೆ?

ವಿದೇಶದ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ಅಧಿಕ ತೂಕದವರು. ಈ ದೇಶದ ಸ್ಥಿತಿ ಬೇರೆಯಾಗಿದೆ. 2017-18ರಲ್ಲಿ 45 ವರ್ಷ ಮೇಲ್ಪಟ್ಟ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆದ ಭಾರತದ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 60 ವರ್ಷ ಮೇಲ್ಪಟ್ಟವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರು ಇರಬೇಕಾದ ತೂಕಕ್ಕಿಂತ ಕಡಿಮೆ ತೂಕದವರಾಗಿದ್ದಾರೆ. ಇಂತಹವರಿಗೆ ಊಟ ಹೆಚ್ಚಾಗಿರುವುದು ಸಮಸ್ಯೆಯಲ್ಲ, ಸಾಲದಿರುವುದೇ ಸಮಸ್ಯೆ.

ವಯಸ್ಸಾದಂತೆ ಹಸಿವು ಮತ್ತು ಬಾಯಾರಿಕೆಗಳ ಅರಿವು ತಗ್ಗುತ್ತದೆ. ಹಲ್ಲು ಬಿದ್ದಿರುವುದರಿಂದ ರೊಟ್ಟಿ, ಕಾಳುಗಳನ್ನು ಅಗಿಯಲಾಗದು. ಮೂವತ್ತರ ವಯಸ್ಸಿನ ನಂತರ ಪ್ರತಿ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕ್ಷೀಣಿಸುತ್ತದೆ, ಅರವತ್ತರ ನಂತರ ಇದು ಇನ್ನೂ ತೀವ್ರವಾಗುತ್ತದೆ. ಸ್ನಾಯು ಕರಗಿದವರು ಎದ್ದು ಕೂರಲು, ಮೆಟ್ಟಿಲು ಹತ್ತಲು ಕಷ್ಟಪಡುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವ ಸಂಭವವಿರುತ್ತದೆ.

ಒಪ್ಪತ್ತು ಉಣ್ಣುವವನನ್ನು ಯೋಗಿಯೆಂದು ಹೊಗಳುವ ಗಾದೆ ಈ ಭಾಗದಲ್ಲಿ ಪ್ರಚಲಿತದಲ್ಲಿದೆ. ಆದರೆ ಮನೆಯ ವೃದ್ಧೆಯರು, ವಿಶೇಷವಾಗಿ ಪತಿಯನ್ನು ಕಳೆದುಕೊಂಡವರು, ವ್ರತದ ಹೆಸರಿನಲ್ಲಿಯೋ ಮಕ್ಕಳು ಮೊಮ್ಮಕ್ಕಳಿಗೆ ಸಾಲಲಿ ಎಂಬ ಭಾವನೆಯಿಂದಲೋ ಒಂದು ಹೊತ್ತು ಉಣ್ಣುವುದನ್ನು ನಿತ್ಯದ ಅಭ್ಯಾಸ ಮಾಡಿಕೊಂಡಿದ್ದರೆ, ಅದು ಆರೋಗ್ಯ ಪದ್ಧತಿಯಲ್ಲ, ಅರೆಹೊಟ್ಟೆಯ ಜೀವನ. ಕುಟುಂಬದವರು ಇದನ್ನು ಗುರುತಿಸಿ ಸರಿಪಡಿಸತಕ್ಕದ್ದು.

ದಿನದ ಊಟದ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ಪ್ರತಿ ಕೆ.ಜಿ. ದೇಹತೂಕಕ್ಕೆ ದಿನವೊಂದಕ್ಕೆ 0.83 ಗ್ರಾಂ ಪ್ರೋಟೀನ್ ಅಗತ್ಯ. ಹಿರಿಯರಿಗೆ 1ರಿಂದ 1.2 ಗ್ರಾಂ ದೊರೆಯಬೇಕೆಂದು ಅಂತರರಾಷ್ಟ್ರೀಯ ತಜ್ಞರು 2013ರಲ್ಲಿ ಶಿಫಾರಸು ಮಾಡಿದ್ದಾರೆ. ಅದರಂತೆ 50 ಕೆ.ಜಿ. ತೂಕದ ಹಿರಿಯರಿಗೆ 50ರಿಂದ 60 ಗ್ರಾಂ ಬೇಕಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಈ ಪ್ರಮಾಣವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು. ಈ ಭಾಗದ ಆಹಾರದಿಂದಲೇ ಇದನ್ನು ಹೊಂದಿಸಬಹುದಾದ ಒಂದು ಮಾದರಿ ಲೆಕ್ಕ ಹೀಗಿದೆ:

- ಜೋಳದ ರೊಟ್ಟಿ (ಹಿಟ್ಟು 120 ಗ್ರಾಂ): ಸುಮಾರು 12 ಗ್ರಾಂ
- ತೊಗರಿಬೇಳೆ, ಹೆಸರು, ಹುರುಳಿ ಮುಂತಾದ ಬೇಳೆಕಾಳು 60 ಗ್ರಾಂ: ಸುಮಾರು 13 ಗ್ರಾಂ
- ಹಾಲು, ಮೊಸರು ಸೇರಿ 400 ಮಿ.ಲೀ.: ಸುಮಾರು 13 ಗ್ರಾಂ
- ಶೇಂಗಾ ಚಟ್ನಿಪುಡಿ (ಶೇಂಗಾ 25 ಗ್ರಾಂ): ಸುಮಾರು 6 ಗ್ರಾಂ
- ಅಕ್ಕಿ 75 ಗ್ರಾಂ: ಸುಮಾರು 6 ಗ್ರಾಂ
- ರವೆ 50 ಗ್ರಾಂ: ಸುಮಾರು 5 ಗ್ರಾಂ
- ಒಟ್ಟು: ಸುಮಾರು 55 ಗ್ರಾಂ

ಮೊಟ್ಟೆ ಸೇವಿಸುವವರಿಗೆ ಒಂದು ಮೊಟ್ಟೆಯಿಂದ 6 ಗ್ರಾಂಗೂ ಹೆಚ್ಚು ದೊರೆಯುತ್ತದೆ. ಹಲ್ಲಿಲ್ಲದವರು ರೊಟ್ಟಿಯ ಬದಲು ಜೋಳದ ನುಚ್ಚು ಅಥವಾ ರಾಗಿ ಮುದ್ದೆಯನ್ನು, ಕಾಳಿನ ಬದಲು ಕಟ್ಟಿನ ಸಾರಿನೊಡನೆ ಮೆತ್ತಗೆ ಬೇಯಿಸಿದ ಬೇಳೆಯನ್ನು ಬಳಸಬಹುದು. ರಾತ್ರಿಯ ಊಟವನ್ನು ಬೇಗ ಮಾಡುವ ನೆಪದಲ್ಲಿ ಈ ಪಟ್ಟಿಯ ಒಂದು ಬಾಬು ಬಿಟ್ಟುಹೋದರೂ, ಆ ಕೊರತೆಯನ್ನು ಅದೇ ದಿನ ಬೇರೆ ಹೊತ್ತಿನಲ್ಲಿ ತುಂಬಿಕೊಳ್ಳಬೇಕು.

ಮಾದರಿ ದಿನಚರಿ

- ಬೆಳಿಗ್ಗೆ 6.00: ಬೆಚ್ಚಗಿನ ನೀರು
- ಬೆಳಿಗ್ಗೆ 7.00: ಹಾಲು ಅಥವಾ ಚಹಾ (ಆಹಾರ ಅವಧಿಯ ಆರಂಭ)
- ಬೆಳಿಗ್ಗೆ 8.30: ಉಪ್ಪಿಟ್ಟು ಅಥವಾ ಇತರ ತಿಂಡಿ
- ಮಧ್ಯಾಹ್ನ 12.30: ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಚಟ್ನಿಪುಡಿ, ಮಜ್ಜಿಗೆ
- ಸಂಜೆ 4.00: ಬಾಳೆ, ಪೇರಲ ಮುಂತಾದ ಹಣ್ಣು (ಮಧುಮೇಹಿಗಳು ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು)
- ಸಂಜೆ 6.30ರಿಂದ 7.00: ಅನ್ನ, ಬೇಳೆ ಸಾರು, ಹಾಲು ಅಥವಾ ಮೊಸರು (ಅವಧಿಯ ಮುಕ್ತಾಯ)
- ರಾತ್ರಿ 9.30ರಿಂದ 10.00: ನಿದ್ರೆ

ಈಗ ರಾತ್ರಿ 9.30ಕ್ಕೆ ಉಣ್ಣುತ್ತಿರುವವರು ಒಮ್ಮೆಲೇ 7 ಗಂಟೆಗೆ ಬದಲಾಯಿಸುವ ಅಗತ್ಯವಿಲ್ಲ. ವಾರಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತಂದರೆ ಐದು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ನೀರಿಗೆ ಯಾವುದೇ ವೇಳೆಯ ಮಿತಿಯಿಲ್ಲ. ಬೇಸಿಗೆಯ ಬಿಸಿಲು ತೀವ್ರವಾಗಿರುವ ಈ ಭಾಗದಲ್ಲಿ ಬಾಯಾರಿಕೆಯಾಗದಿದ್ದರೂ ಹಿರಿಯರು ಆಗಾಗ ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರನ್ನು ಮಿತಿಗೊಳಿಸಲು ವೈದ್ಯರು ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ತಿಂಗಳಿಗೊಮ್ಮೆ ತೂಕ ನೋಡಿಸಿ ಬರೆದಿಡುವುದು ಉತ್ತಮ.

ಔಷಧ ಸೇವಿಸುವವರ ಗಮನಕ್ಕೆ

ಮಧುಮೇಹಕ್ಕೆ ಇನ್ಸುಲಿನ್ ಚುಚ್ಚುಮದ್ದು ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆ ನುಂಗಿ ಊಟ ಬಿಟ್ಟರೆ ಅಥವಾ ಊಟವನ್ನು ಮುಂದೂಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಊಟದ ವೇಳೆ ಬದಲಾದರೆ ಔಷಧದ ವೇಳೆ ಮತ್ತು ಪ್ರಮಾಣವೂ ಬದಲಾಗಬೇಕಾಗಬಹುದು. ಇದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ವ್ರತ, ಉಪವಾಸ, ರೋಜಾ ಆಚರಿಸುವವರೂ ಮುಂಚಿತವಾಗಿಯೇ ವೈದ್ಯರನ್ನು ಕಾಣಬೇಕು. ಇಸ್ಲಾಂ ಧರ್ಮದಲ್ಲಿ ರೋಗಿಗಳಿಗೂ ಅಶಕ್ತ ವೃದ್ಧರಿಗೂ ಉಪವಾಸದಿಂದ ವಿನಾಯಿತಿ ಇದೆ.

ಸಕ್ಕರೆ ಕುಸಿದಾಗ ಬೆವರು, ನಡುಕ, ಎದೆಬಡಿತ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಹಿರಿಯರಲ್ಲಿ ಈ ಲಕ್ಷಣಗಳಿಲ್ಲದೆ ಕೇವಲ ಮಾತಿನ ತೊದಲು, ಮಂಕುತನ ಅಥವಾ ಗೊಂದಲವಷ್ಟೇ ಕಾಣಬಹುದು. ಮನೆಯವರು ಅದನ್ನು ವಯಸ್ಸಿನ ಮರೆವು ಅಥವಾ ನಿದ್ದೆಗಣ್ಣು ಎಂದು ಭಾವಿಸಬಾರದು. ಎಚ್ಚರವಿದ್ದರೆ ಕೂಡಲೇ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು.

ಯಾರು ಈ ಪದ್ಧತಿಯನ್ನು ಸ್ವಂತ ನಿರ್ಧಾರದಿಂದ ಅನುಸರಿಸಬಾರದು?

1. ಕಡಿಮೆ ತೂಕವಿರುವವರು ಮತ್ತು ಕಳೆದ ಆರು ತಿಂಗಳಲ್ಲಿ ತಾನಾಗಿಯೇ ತೂಕ ಇಳಿದಿರುವವರು
2. ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು
3. ಕ್ಷಯರೋಗ, ಕ್ಯಾನ್ಸರ್ ಅಥವಾ ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು
4. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿರುವವರು, ಮೂಳೆ ಮುರಿದಿರುವವರು
5. ಮರೆವಿನ ಕಾಯಿಲೆಯಿಂದ ಊಟ ಮಾಡಿದ್ದನ್ನೇ ನೆನಪಿಟ್ಟುಕೊಳ್ಳಲಾಗದವರು
6. ಆಗಾಗ ತಲೆಸುತ್ತು ಬಂದು ಬೀಳುವವರು

ಕುಟುಂಬದವರ ಪಾತ್ರ

ಹಿರಿಯರು ಸಂಜೆ 7 ಗಂಟೆಗೆ ಉಣ್ಣಬೇಕಾದರೆ ಆ ವೇಳೆಗೆ ಅಡುಗೆ ಸಿದ್ಧವಿರಬೇಕು. ಕೂಲಿ ಮುಗಿಸಿ ಬರುವ ಮಗ ಸೊಸೆಯರಿಗೆ ಇದು ಕಷ್ಟವೆನಿಸುವುದು ಸಹಜ. ಮಧ್ಯಾಹ್ನವೇ ಬೇಳೆ ಬೇಯಿಸಿಟ್ಟು ಸಂಜೆ ಕುದಿಸಿ ಕೊಡುವುದು, ಬೆಳಿಗ್ಗೆ ಮಾಡಿದ ರೊಟ್ಟಿಯನ್ನು ಬಿಸಿ ಸಾರಿನಲ್ಲಿ ನೆನೆಸಿ ಕೊಡುವುದು ಮುಂತಾದ ಏರ್ಪಾಡುಗಳಿಂದ ಇದನ್ನು ನಿಭಾಯಿಸಬಹುದು. ಬೇಯಿಸಿದ ಬೇಳೆಯನ್ನು ಬೇಸಿಗೆಯಲ್ಲಿ ಹಳಸದಂತೆ ನೋಡಿಕೊಳ್ಳಬೇಕು. ಹಿರಿಯರು ಒಬ್ಬರೇ ಕುಳಿತು ಉಣ್ಣುವಾಗ ಕಡಿಮೆ ಉಣ್ಣುವುದುಂಟು. ಮೊಮ್ಮಕ್ಕಳಿಗೂ ಅದೇ ವೇಳೆಗೆ ಬಡಿಸಿದರೆ ಇಬ್ಬರಿಗೂ ಅನುಕೂಲ. ಬೇಗ ಉಣ್ಣುವ ಏರ್ಪಾಡು ಸಾಧ್ಯವೇ ಆಗದಿದ್ದಲ್ಲಿ ತಡವಾಗಿಯಾದರೂ ಉಣ್ಣಬೇಕೇ ಹೊರತು, ವೇಳೆ ಮೀರಿತೆಂದು ಬರಿಹೊಟ್ಟೆಯಲ್ಲಿ ಮಲಗಬಾರದು.

ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರಲ್ಲಿ 'ಪೋಷಣೆ' ಎಂಬ ಪದದ ಅರ್ಥದಲ್ಲಿ ಆಹಾರವೂ ಸೇರಿದೆ. ಹೊತ್ತಿಗೆ ಸರಿಯಾಗಿ, ಸಾಕಷ್ಟು ಪ್ರಮಾಣದಲ್ಲಿ ಊಟ ದೊರೆಯುವುದು ಹಿರಿಯರ ಹಕ್ಕು ಎಂಬುದನ್ನು ಎಲ್ಲರೂ ಮನಗಾಣಬೇಕು.

ಹೆಚ್ಚಿನ ಮಾಹಿತಿಗಾಗಿ

ರಕ್ತದೊತ್ತಡ, ಮಧುಮೇಹ ಮತ್ತು ತೂಕದ ತಪಾಸಣೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಗ್ರಾಮದ ಆಶಾ ಕಾರ್ಯಕರ್ತೆಯರಿಂದಲೂ ಮಾಹಿತಿ ಪಡೆಯಬಹುದು. ಆರೋಗ್ಯ ಸಲಹೆಗೆ 104 ಹಾಗೂ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಸಂಖ್ಯೆಗೆ ಕರೆ ಮಾಡಬಹುದು. ಆಸ್ಪತ್ರೆಗೆ ಹೋಗುವಾಗ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನೂ, ಊಟದ ವೇಳೆ ಬರೆದ ಚೀಟಿಯನ್ನೂ ಕೊಂಡೊಯ್ದರೆ ವೈದ್ಯರಿಗೆ ಸರಿಯಾದ ಸಲಹೆ ನೀಡಲು ಅನುಕೂಲವಾಗುತ್ತದೆ. ಹಿರಿಯ ನಾಗರಿಕರು ಹಾಗೂ ಅವರ ಕುಟುಂಬದವರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.